ಮನೆಯಲ್ಲಿ ಮಾಡುವ ಹಲ್ಲುಪುಡಿ ಮತ್ತು ಹಲ್ಲುಜ್ಜುವ ಕಡ್ಡಿ

ಹಲ್ಲಿನ ಮೇಲಿನ ಕೊಳೆ ತೆಗೆಯಲು, ಒಸಡು ಬಿಗಿಯಾಗಿರಲು, ಬಾಯಿಯ ವಾಸನೆ ಹೋಗಲು ಮರದ ಟಿಸಿಲು, ಇದ್ದಿಲು, ಉಪ್ಪು, ಗಿಡಮೂಲಿಕೆ, ಎಣ್ಣೆ ಮುಂತಾದವನ್ನು ಬಳಸಿ ಮನೆಯಲ್ಲೇ ಸಿದ್ಧಮಾಡಿಕೊಳ್ಳುವ ಸಾಧನಗಳು. ಪೇಸ್ಟಿನ ಟ್ಯೂಬು ಬಚ್ಚಲುಮನೆ ಸೇರುವ ಮುಂಚೆ ಕರ್ನಾಟಕದ ಊರುಗಳಲ್ಲಿ ಬೇವಿನ ಕಡ್ಡಿ, ಭತ್ತದ ಹೊಟ್ಟಿನ ಇದ್ದಿಲು, ಬೆರಣಿಯ ಬೂದಿ, ಕಲ್ಲುಪ್ಪು ಈ ಕೆಲಸ ಮಾಡುತ್ತಿದ್ದವು. ಈಗ ಅದೇ ಸಾಮಗ್ರಿ ನೈಸರ್ಗಿಕ ಎಂಬ ಹೆಸರಿನಲ್ಲಿ ನಗರದ ಮನೆಗಳಿಗೆ ಮರಳುತ್ತಿದೆ. ಇವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯವು, ಕೆಲವು ನಿರುಪದ್ರವಿಗಳು, ಕೆಲವು ಹಲ್ಲನ್ನು ಸವೆಸುವಂಥವು, ಒಂದೆರಡು ಜೀವಕ್ಕೇ ಅಪಾಯ. ಹಳೆಯದು, ಗಿಡದ್ದು, ಮನೆಯದು ಎಂಬ ಕಾರಣಕ್ಕೆ ಎಲ್ಲವನ್ನೂ ಒಪ್ಪುವುದೂ ಅದೇ ಕಾರಣಕ್ಕೆ ಎಲ್ಲವನ್ನೂ ತಳ್ಳಿಹಾಕುವುದೂ ತಪ್ಪು. ಒಂದೊಂದನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಉಜ್ಜುವುದರಿಂದ ಆಗುವುದೇನು

ಹಲ್ಲಿನ ಮೇಲೆ ದಿನವೂ ಅಂಟಂಟಾದ ತೆಳುಪದರವೊಂದು ಬೆಳೆಯುತ್ತದೆ. ಜನ ಪಾಚಿ ಎನ್ನುವ, ದಂತವೈದ್ಯರು ಪ್ಲಾಕ್ ಎನ್ನುವ ಈ ಪದರ ಬ್ಯಾಕ್ಟೀರಿಯಾಗಳ ನೆಲೆ. ನಾವು ತಿಂದ ಸಕ್ಕರೆ, ಬೆಲ್ಲ, ಪಿಷ್ಟಗಳನ್ನು ಅವು ಆಮ್ಲವಾಗಿ ಮಾರ್ಪಡಿಸುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಕವಚವಾದ ಎನಾಮಲ್ ಕರಗತೊಡಗುತ್ತದೆ. ಇಂಥ ಆಮ್ಲ ತಯಾರಿಸುವ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಹುಳುಕು ಹಲ್ಲುಗಳಿಂದ ಬೇರ್ಪಡಿಸಿ ವರ್ಣಿಸಿದವನು ಕ್ಲಾರ್ಕ್ ಎಂಬ ವಿಜ್ಞಾನಿ, 1924ರಲ್ಲಿ. ತೆಗೆಯದೆ ಬಿಟ್ಟ ಪಾಚಿ ಜೊಲ್ಲಿನಲ್ಲಿರುವ ಖನಿಜಗಳನ್ನು ಹೀರಿ ಗಟ್ಟಿಯಾಗಿ ಟಾರ್ಟರ್ ಆಗುತ್ತದೆ. ಹಾಗೆ ಗಟ್ಟಿಯಾದ ಮೇಲೆ ಮನೆಯ ಯಾವ ಪುಡಿಯೂ ಅದನ್ನು ಬಿಡಿಸಲಾರದು, ದಂತವೈದ್ಯರ ಉಪಕರಣವೇ ಬೇಕು.

ಮೆತ್ತಗಿರುವಾಗ ಪಾಚಿಯನ್ನು ತೆಗೆಯುವುದು ಮುಖ್ಯವಾಗಿ ಉಜ್ಜುವ ಕ್ರಿಯೆ. ಕುಂಚದಂಥ ನಾರು ಅಥವಾ ಬ್ರಷ್ಷಿನ ಕೂದಲು ಹಲ್ಲಿನ ಎಲ್ಲ ಮುಖಗಳನ್ನೂ ಮುಟ್ಟಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಪುಡಿ ಅದಕ್ಕೆ ಸಹಾಯಕ ಮಾತ್ರ. ಕಲೆ ತೆಗೆಯುತ್ತದೆ, ರುಚಿ ಕೊಡುತ್ತದೆ. ಹೀಗಾಗಿ ಮನೆಯ ಹಲ್ಲುಪುಡಿಯ ಗುಣ ನಿರ್ಧಾರವಾಗುವುದು ಅದರಲ್ಲಿ ಎಷ್ಟು ಬಗೆಯ ಮೂಲಿಕೆ ಇದೆ ಎಂಬುದರಿಂದಲ್ಲ, ಅದು ಎಷ್ಟು ನುಣ್ಣಗಿದೆ, ಎಷ್ಟು ಮೆತುವಾಗಿದೆ ಎಂಬುದರಿಂದ. ಎನಾಮಲ್ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ, ಮೋಸ್ ಮಾಪಕದಲ್ಲಿ ಅದರ ಗಡಸುತನ ಸುಮಾರು 5. ಒಸಡು ಹಿಂದೆ ಸರಿದಾಗ ಬಯಲಾಗುವ ಡೆಂಟಿನ್ ಅದಕ್ಕಿಂತ ಬಹಳ ಮೃದು. ಅಡುಗೆ ಸೋಡಾದ ಗಡಸುತನ 2.5ರ ಆಸುಪಾಸು, ಕ್ಯಾಲ್ಸಿಯಂ ಕಾರ್ಬೊನೇಟಿನದು 3. ಮರಳು ಮತ್ತು ಸ್ಫಟಿಕ ಶಿಲೆಯದು 7. ಮರಳು, ಇಟ್ಟಿಗೆ ಪುಡಿಗಳಿಂದ ವರ್ಷಗಟ್ಟಲೆ ಉಜ್ಜಿದವರ ಹಲ್ಲಿನ ಬುಡದಲ್ಲಿ ಕೊಡಲಿಯೇಟಿನಂಥ ಕಚ್ಚು ಬಿದ್ದಿರುವುದಕ್ಕೆ ಈ ಅಂಕಿಗಳಲ್ಲೇ ಕಾರಣವಿದೆ. ಎನಾಮಲ್ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ.

ಹಳೆಯ ಗ್ರಂಥಗಳಲ್ಲಿ

ದಂತಧಾವನ ದಿನಚರಿಯ ಮೊದಲ ಕೆಲಸಗಳಲ್ಲೊಂದು ಎಂದು ಆಯುರ್ವೇದದ ಗ್ರಂಥಗಳೆಲ್ಲ ಹೇಳುತ್ತವೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಈ ಬಗ್ಗೆ ಅಚ್ಚರಿ ಹುಟ್ಟಿಸುವಷ್ಟು ನಿಖರವಾಗಿದೆ: ಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ದಪ್ಪ, ಗಂಟಿಲ್ಲದ್ದು, ಹಸಿಯದು ಇರಬೇಕು. ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠ ಎಂದು ಅಲ್ಲಿ ವಿಂಗಡಿಸಲಾಗಿದೆ. ಜೇನು, ಶುಂಠಿ, ಮೆಣಸು, ಹಿಪ್ಪಲಿ, ಎಣ್ಣೆ, ಸೈಂಧವ ಲವಣಗಳನ್ನು ಕೂಡಿಸಿದ ಪುಡಿಯನ್ನೂ ಹೇಳಿದೆ. ಇವೆಲ್ಲಕ್ಕಿಂತ ಬೆಲೆಬಾಳುವುದು ಉಜ್ಜುವ ಕ್ರಮದ ಬಗೆಗಿನ ಸೂಚನೆ. ಮೃದುವಾದ ಕುಂಚದಿಂದ ಒಂದೊಂದೇ ಹಲ್ಲನ್ನು, ಒಸಡಿಗೆ ನೋವಾಗದಂತೆ ಉಜ್ಜಬೇಕು ಎಂಬ ಈ ಮಾತನ್ನು ಇಂದಿನ ದಂತವೈದ್ಯರು ತಿದ್ದಬೇಕಾದ್ದೇನೂ ಇಲ್ಲ.

ಬೌದ್ಧ ವಿನಯ ಗ್ರಂಥಗಳು ಭಿಕ್ಷುಗಳಿಗೆ ಹಲ್ಲುಕಡ್ಡಿಯನ್ನು ಅನುಮತಿಸಿ, ಅದರ ಉದ್ದಕ್ಕೆ ಮಿತಿಯನ್ನೂ ಹಾಕಿವೆ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಭಿಕ್ಷು ಇತ್ಸಿಂಗ್ ಇಲ್ಲಿನವರು ಕಡ್ಡಿಯ ತುದಿಯನ್ನು ಅಗಿದು ಹಲ್ಲುಜ್ಜಿ, ಬಳಿಕ ಅದನ್ನೇ ಸೀಳಿ ಬಾಗಿಸಿ ನಾಲಿಗೆ ಹೆರೆಯುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಬೇವಿನ ಕಡ್ಡಿಯನ್ನು ಇಂದಿಗೂ ಬಳಸುವುದು ಹೀಗೆಯೇ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಹಲ್ಲುಕಡ್ಡಿಗೆಂದೇ ಒಂದು ಅಧ್ಯಾಯವಿದೆ. ಅಳಲೆಕಾಯಿ ಪುಡಿ ಹಾಕಿದ ಗೋಮೂತ್ರದಲ್ಲಿ ಕಡ್ಡಿಗಳನ್ನು ನೆನೆಸಿ, ಆಮೇಲೆ ಸುಗಂಧದ್ರವ್ಯದ ನೀರಿನಲ್ಲಿ ಅದ್ದಿ ಪರಿಮಳ ಬರಿಸುವ ಬಗೆಯನ್ನು ಅದೇ ಗ್ರಂಥದ ಗಂಧಯುಕ್ತಿ ಪ್ರಕರಣ ಹೇಳುತ್ತದೆ.

ಈ ಗ್ರಂಥಗಳನ್ನು ಓದಿ ನೇರವಾಗಿ ಪ್ರಯೋಗಕ್ಕಿಳಿಯುವವರು ಒಂದು ಕಡೆ ತಡೆದು ನಿಲ್ಲಬೇಕು. ಚರಕ ಸಂಹಿತೆ ಹೆಸರಿಸುವ ಮರಗಿಡಗಳಲ್ಲಿ ಹೊಂಗೆ, ಮತ್ತಿ, ಹೊನ್ನೆಗಳ ಜೊತೆಗೆ ಕರವೀರ ಮತ್ತು ಅರ್ಕವೂ ಇವೆ. ಕರವೀರವೆಂದರೆ ಕಣಗಿಲೆ. ಅದರ ಎಲೆ, ತೊಗಟೆ, ಕಡ್ಡಿ ಎಲ್ಲದರಲ್ಲೂ ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷವಿದೆ, ಅದನ್ನು ಅಗಿಯುವುದು ಪ್ರಾಣಕ್ಕೆ ಕುತ್ತು. ಅರ್ಕ ಅಂದರೆ ಎಕ್ಕ, ಅದರ ಹಾಲು ಬಾಯಿಯ ಒಳಚರ್ಮವನ್ನು ಸುಡುತ್ತದೆ. ಹಿತ್ತಲಲ್ಲಿ ಸುಲಭವಾಗಿ ಸಿಗುವ ಗಿಡಗಳಾದ್ದರಿಂದ ಈ ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಇವೆರಡನ್ನೂ ಬಾಯಿಗೆ ಹಾಕಬಾರದು.

ಕಡ್ಡಿಗಳು

ಬಯಲುಸೀಮೆಯಲ್ಲಿ ಬೇವು, ಜಾಲಿ, ಹೊಂಗೆ ಮತ್ತು ಆಲದ ಬಿಳಲು ಹೆಚ್ಚು ರೂಢಿಯಲ್ಲಿವೆ. ಉತ್ತರಾಣಿಯ ಕಾಂಡ ಮತ್ತು ಬೇರನ್ನೂ ಬಳಸುವುದುಂಟು. ಕರಾವಳಿಯಲ್ಲಿ ಹಣ್ಣಾದ ಮಾವಿನ ಎಲೆಯನ್ನು ಮಡಿಸಿ ಅದರಿಂದಲೇ ಹಲ್ಲುಜ್ಜಿ, ನಡುವಿನ ದೇಟಿನಿಂದ ನಾಲಿಗೆ ಹೆರೆಯುತ್ತಿದ್ದರು. ಅರಬ್ ನಾಡುಗಳಲ್ಲಿ ಮಿಸ್ವಾಕ್ ಎಂದು ಕರೆಯುವ ಸಾಲ್ವಡೋರಾ ಪರ್ಸಿಕಾ ಮರದ ಬೇರು ಇಂಥದೇ ಇನ್ನೊಂದು ದೊಡ್ಡ ಪರಂಪರೆ. ನಮ್ಮ ಊರುಗಳಲ್ಲೂ ಮಸೀದಿಗಳ ಬಳಿ ಅದು ಮಾರಾಟಕ್ಕೆ ಸಿಗುತ್ತದೆ. ಬ್ರಷ್ಷು ಕೊಳ್ಳಲಾಗದ ಕಡೆ ಇಂಥ ಕಡ್ಡಿಗಳ ಬಳಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಉತ್ತೇಜಿಸಿದೆ.

ಕಡ್ಡಿಯನ್ನು ಸಿದ್ಧಪಡಿಸುವುದು ಕಷ್ಟವಲ್ಲ. ಕಿರುಬೆರಳು ದಪ್ಪದ, ಬಲಿತೂ ಬಲಿಯದ ಟಿಸಿಲನ್ನು ಗೇಣುದ್ದಕ್ಕೆ ಕತ್ತರಿಸಿ ತೊಳೆಯಬೇಕು. ತುದಿಯ ಅರ್ಧ ಅಂಗುಲದಷ್ಟು ತೊಗಟೆ ಸುಲಿದು, ನಾರು ಬಿಡಿಬಿಡಿಯಾಗುವವರೆಗೆ ನಿಧಾನವಾಗಿ ಅಗಿಯಬೇಕು. ಅವಸರ ಮಾಡಿದರೆ ನಾರು ಮೊಂಡಾಗಿ ಒಸಡಿಗೆ ಚುಚ್ಚುತ್ತದೆ. ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಉಜ್ಜಬೇಕೇ ಹೊರತು ಅಡ್ಡಡ್ಡ ತಿಕ್ಕಬಾರದು. ಅಡ್ಡಡ್ಡ ತಿಕ್ಕಿದರೆ ಒಸಡು ಸರಿಯುತ್ತದೆ. ಬಳಸಿದ ತುದಿಯನ್ನು ಅಂದೇ ಕತ್ತರಿಸಿ ಬಿಸಾಡುವುದು ವಾಡಿಕೆ. ದಿನವೂ ಹೊಸ ಕುಂಚ ಸಿಗುವುದು ಕಡ್ಡಿಯ ದೊಡ್ಡ ಅನುಕೂಲ. ಬೇವು, ಜಾಲಿಗಳಲ್ಲಿರುವ ಕಹಿ ಮತ್ತು ಒಗರು ಅಂಶಗಳು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಅಗಿಯುವಾಗ ಜೊಲ್ಲು ಧಾರಾಳವಾಗಿ ಸುರಿಯುವುದೂ ಹಲ್ಲಿಗೆ ಒಳ್ಳೆಯದೇ, ಏಕೆಂದರೆ ಜೊಲ್ಲು ಆಮ್ಲವನ್ನು ತಣಿಸುತ್ತದೆ. ಕೊರತೆಯೂ ಇದೆ. ಕಡ್ಡಿಯ ಕುಂಚ ಹಿಡಿಕೆಯ ನೇರಕ್ಕೇ ಇರುವುದರಿಂದ ದವಡೆ ಹಲ್ಲುಗಳ ಒಳಬದಿಗೆ ಅದು ಸರಿಯಾಗಿ ತಲುಪುವುದಿಲ್ಲ. ಬೆಳಗಿನ ಬೇವಿನ ಕಡ್ಡಿಯನ್ನು ಬಿಡಲು ಮನಸ್ಸಿಲ್ಲದವರು ರಾತ್ರಿಯಾದರೂ ಬ್ರಷ್ ಬಳಸುವುದು ಇದಕ್ಕೆ ಸರಿಯಾದ ಪರಿಹಾರ.

ಪುಡಿಗಳು

ಮನೆಯ ಹಲ್ಲುಪುಡಿಗಳಲ್ಲಿ ಅಕ್ಕಿ ಬೆಳೆಯುವ ಸೀಮೆಯ ಹೊಟ್ಟಿನ ಇದ್ದಿಲಿಗೆ ವಿಶೇಷ ಸ್ಥಾನ. ಕೇರಳದಲ್ಲಿ ಉಮಿಕರಿ ಎಂದು ಹೆಸರಾದ ಇದನ್ನು ಕರ್ನಾಟಕದ ಕರಾವಳಿ, ಮಲೆನಾಡುಗಳಲ್ಲೂ ಮಾಡುತ್ತಿದ್ದರು. ಭತ್ತದ ಹೊಟ್ಟನ್ನು ಗುಡ್ಡೆ ಹಾಕಿ ಬೆಂಕಿ ಕೊಟ್ಟು, ಅದು ಪೂರ್ತಿ ಕರ್ರಗಾದ ಕೂಡಲೇ, ಬೆಳ್ಳಗಾಗುವ ಮೊದಲೇ, ನೀರು ಚಿಮುಕಿಸಿ ಆರಿಸುತ್ತಾರೆ. ಒಣಗಿಸಿ, ಒರಳಿನಲ್ಲಿ ನಯವಾಗಿ ಅರೆದು, ಹುರಿದ ಉಪ್ಪು ಮತ್ತು ಒಂದಿಷ್ಟು ಕರಿಮೆಣಸು ಸೇರಿಸುತ್ತಾರೆ. ಬೆಳ್ಳಗಾಗುವ ಮೊದಲು ಎಂಬುದಕ್ಕೆ ಅರ್ಥವಿದೆ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಕಡಿಮೆ ಶಾಖದಲ್ಲಿ ಸುಟ್ಟಾಗ ಅದು ಹರಳುಗಟ್ಟದೆ ಉಳಿಯುತ್ತದೆ; ಹೆಚ್ಚು ಶಾಖದಲ್ಲಿ ಬಹಳ ಹೊತ್ತು ಉರಿದರೆ ಹರಳುಗಟ್ಟಿ, ಎನಾಮಲ್ಲಿಗಿಂತ ಗಡುಸಾಗುತ್ತದೆ. ಬಾದಾಮಿ ಸಿಪ್ಪೆಯ, ತೆಂಗಿನ ಚಿಪ್ಪಿನ ಇದ್ದಿಲನ್ನೂ ಹೀಗೆಯೇ ಅರೆದು ಬಳಸುವುದುಂಟು. ಇದ್ದಿಲು ಹಲ್ಲನ್ನು ಬೆಳ್ಳಗೆ ಮಾಡುವುದು ಮೇಲಿನ ಕಾಫಿ, ಎಲೆಯಡಿಕೆ ಕಲೆಯನ್ನು ಕೆರೆದು ತೆಗೆಯುವುದರಿಂದ, ಹಲ್ಲಿನ ಬಣ್ಣವನ್ನೇ ಬದಲಿಸುವುದರಿಂದ ಅಲ್ಲ. ಇದ್ದಿಲಿನ ಪೇಸ್ಟು ಪುಡಿಗಳ ಬಗ್ಗೆ ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ಸಮೀಕ್ಷೆ ಅವುಗಳ ಸುರಕ್ಷತೆಗಾಗಲಿ ಪ್ರಯೋಜನಕ್ಕಾಗಲಿ ಸಾಕಷ್ಟು ಆಧಾರ ಕಾಣಲಿಲ್ಲ. ದಿನವೂ ಬಳಸುವುದಕ್ಕಿಂತ ಅಪರೂಪಕ್ಕೆ, ಬೆರಳಿನಲ್ಲಿ ಮೆಲ್ಲಗೆ ಉಜ್ಜುವುದು ಲೇಸು.

ಮನೆಯ ಪುಡಿ ಪೊಟ್ಟಣದ ಸರಕಾಗಿ ಅಂಗಡಿ ಸೇರಿದ ಕಥೆಯಲ್ಲಿ ಕನ್ನಡಿಗರಿಗೆ ಹತ್ತಿರದ್ದು ನಂಜನಗೂಡಿನ ಹಲ್ಲುಪುಡಿ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಈ ಪುಡಿ ಹಳೆಯ ಮೈಸೂರಿನ ಮನೆಮನೆಯ ವಸ್ತುವಾಗಿ, ರಸಬಾಳೆಯಂತೆಯೇ ಊರಿನ ಹೆಸರನ್ನು ದೂರಕ್ಕೆ ಒಯ್ದಿತು. ಕಪಿಲಾ ತೀರದ ಊರನ್ನು ಎಂದೂ ಕಾಣದ ಎಷ್ಟೋ ಮಂದಿಗೆ ಅದರ ಪರಿಚಯವಾದದ್ದು ಬೆಳಗಿನ ಬಚ್ಚಲಿನಲ್ಲೇ.

ಇಂದು ಮನೆಯಲ್ಲಿ ಪುಡಿ ಮಾಡಿಕೊಳ್ಳುವವರಿಗೆ ಇದ್ದಿಲಿಗಿಂತ ಸೌಮ್ಯವಾದ ತಳಹದಿ ಎಂದರೆ ಔಷಧಿ ದರ್ಜೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಅಡುಗೆ ಸೋಡಾ. ಮೊದಲನೆಯದು ಮೂರು ಪಾಲು, ಎರಡನೆಯದು ಒಂದು ಪಾಲು ತೆಗೆದುಕೊಂಡು, ಹುರಿದು ನುಣ್ಣಗೆ ಪುಡಿಮಾಡಿದ ಉಪ್ಪನ್ನು ಕಾಲು ಪಾಲು, ಲವಂಗ ಮತ್ತು ದಾಲ್ಚಿನ್ನಿ ಪುಡಿಯನ್ನು ಒಂದೊಂದು ಚಿಟಿಕೆ ಬೆರೆಸಿದರೆ ದಿನಬಳಕೆಗೆ ತಕ್ಕ ಪುಡಿಯಾಗುತ್ತದೆ. ಅಡುಗೆ ಸೋಡಾ ಗಡುಸಿಲ್ಲ, ಜೊತೆಗೆ ಕ್ಷಾರೀಯವಾದ್ದರಿಂದ ಬಾಯಿಯ ಆಮ್ಲವನ್ನು ತಗ್ಗಿಸುತ್ತದೆ. ಮೂಲಿಕೆ ಬೇಕೆನ್ನುವವರು ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಜಾಲಿ ತೊಗಟೆ ಅಥವಾ ಅಳಲೆಕಾಯಿ ಸಿಪ್ಪೆಯ ಪುಡಿಯನ್ನು ಅರ್ಧ ಪಾಲು ಸೇರಿಸಬಹುದು. ಇವುಗಳ ಒಗರು ಸಡಿಲವಾದ ಒಸಡಿಗೆ ಬಿಗುವು ಕೊಟ್ಟಂತೆನಿಸುತ್ತದೆ. ಶಾಲೆಯ ಹಲಗೆಯ ಸೀಮೆಸುಣ್ಣವನ್ನು ಕುಟ್ಟಿ ಹಾಕಬಾರದು. ಬಳಪಗಳಲ್ಲಿ ಬಹಳಷ್ಟು ಜಿಪ್ಸಮ್ಮಿನವು, ತಿನ್ನಲು ಮಾಡಿದವೂ ಅಲ್ಲ.

ತಯಾರಿಕೆಯಲ್ಲಿ ಜೀವಾಳವಿರುವುದು ಜರಡಿಯಲ್ಲಿ. ಮಿಕ್ಸಿಯಲ್ಲಿ ತಿರುವಿದ ಪುಡಿ ಕಣ್ಣಿಗೆ ನುಣ್ಣಗೆ ಕಂಡರೂ ಅದರಲ್ಲಿ ಲವಂಗದ ತೊಟ್ಟು, ತೊಗಟೆಯ ಚೂರು, ಉಪ್ಪಿನ ಹರಳು ಉಳಿದಿರುತ್ತವೆ. ಅದಕ್ಕೇ ವೈದ್ಯರು ಚೂರ್ಣಗಳನ್ನು ವಸ್ತ್ರಗಾಳಿತ ಮಾಡಬೇಕೆನ್ನುವುದು. ತೆಳು ಹತ್ತಿಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿದು, ಪುಡಿಯನ್ನು ಅದರ ಮೇಲೆ ಹಾಕಿ ಕೈಯಾಡಿಸಿದಾಗ ಕೆಳಗಿಳಿಯುವುದು ಮಾತ್ರ ಹಲ್ಲಿಗೆ. ಎರಡು ಬೆರಳ ನಡುವೆ ತಿಕ್ಕಿದಾಗ ಒಂದಿಷ್ಟಾದರೂ ಗರಗರ ಎಂದರೆ ಮತ್ತೆ ಸೋಸಬೇಕು. ಮೇಲುಳಿದ ತರಿಯನ್ನು ಹಾಳಾಗುತ್ತದೆಂದು ಮತ್ತೆ ಪುಡಿಗೆ ಸೇರಿಸಬಾರದು.

ಲೇಪ, ಎಣ್ಣೆ, ಕಷಾಯ

ಪುಡಿಗೆ ಕೊಬ್ಬರಿ ಎಣ್ಣೆ ಕಲಸಿ ಪೇಸ್ಟಿನಂತೆ ಮಾಡುವುದು ಈಚಿನ ರೂಢಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಬೆಂಗಳೂರಿನ ಚಳಿಗಾಲದಲ್ಲಿ ಗಟ್ಟಿಯಾಗಿಯೂ ಮಂಗಳೂರಿನಲ್ಲಿ ನೀರಾಗಿಯೂ ಇರುತ್ತದೆ. ನೀರು ಸೇರಿಸಿದ ಲೇಪ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯಬಲ್ಲದು. ಹಾಗಾಗಿ ಪುಡಿಯನ್ನು ಒಣಗಿಯೇ ಇಟ್ಟು, ಬೇಕಾದಾಗ ಅಂಗೈಯಲ್ಲಿ ಒದ್ದೆಮಾಡಿಕೊಳ್ಳುವ ಹಳೆಯ ಪದ್ಧತಿಯೇ ಒಳ್ಳೆಯದು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಹಲ್ಲುನೋವನ್ನು ಮರಗಟ್ಟಿಸುತ್ತದೆ. ಆದರೆ ನೇರವಾಗಿ ಹಚ್ಚಿದರೆ ಒಸಡು ಬೇಯುತ್ತದೆ, ಬೇರೆ ಎಣ್ಣೆಯಲ್ಲಿ ತೆಳುಮಾಡಿಯೇ ಬಳಸಬೇಕು. ನೋವು ತಗ್ಗಿತೆಂದು ಹುಳುಕು ವಾಸಿಯಾದಂತಲ್ಲ.

ಎಳ್ಳೆಣ್ಣೆಯನ್ನು ಬಾಯಿತುಂಬ ಹಿಡಿದಿಡುವ ಗಂಡೂಷ, ಮುಕ್ಕಳಿಸುವ ಕವಲ ಎರಡೂ ಆಯುರ್ವೇದದ ಪದ್ಧತಿಗಳು. ಬಾಯಿ ಒಣಗುವವರಿಗೆ ಇವು ಹಿತ, ಹಲ್ಲುಜ್ಜುವುದಕ್ಕೆ ಬದಲಿಯಲ್ಲ. ಬೆಚ್ಚಗಿನ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ಒಸಡು ಊದಿದಾಗ ಅತ್ಯಂತ ಸರಳ ಉಪಶಮನ. ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲಾ ಕಷಾಯವೂ ಒಳ್ಳೆಯದೇ. ಅದು ಹುಳಿಯಾದ್ದರಿಂದ ಬಳಿಕ ಬರಿಯ ನೀರಿನಲ್ಲಿ ಬಾಯಿ ತೊಳೆದುಕೊಳ್ಳಬೇಕು.

ಬಳಸಬಾರದವು

ನಿಂಬೆರಸದ ಪಿಎಚ್ 2ರಿಂದ 3. ಅದನ್ನು ಹಲ್ಲಿಗೆ ತಿಕ್ಕಿದರೆ ಹೊಳಪು ಬಂದಂತೆ ಕಾಣುವುದು ಎನಾಮಲ್ಲಿನ ಮೇಲ್ಪದರ ಕರಗುವುದರಿಂದಲೇ. ಪಟಿಕದ ನೀರೂ ಆಮ್ಲೀಯ, ದಿನವೂ ಬಳಸತಕ್ಕದ್ದಲ್ಲ. ಎಲೆಗೆ ಹಚ್ಚುವ ಸುಣ್ಣ ಇದಕ್ಕೆ ತದ್ವಿರುದ್ಧ, ಪಿಎಚ್ 12ನ್ನೂ ಮೀರುವ ಕ್ಷಾರ, ಒಸಡನ್ನು ಸುಡುತ್ತದೆ. ಸೌದೆಯ ಬೂದಿಯಲ್ಲೂ ಇಂಥ ಕ್ಷಾರವಿದೆ. ಕೆಂಪು ಹಲ್ಲುಪುಡಿಗಳಿಗೆ ಬಣ್ಣ ಕೊಡುವ ಕಾವಿಮಣ್ಣು ಗಡುಸಾದ್ದು, ಮನೆಯಲ್ಲಿ ಅದನ್ನು ಶುದ್ಧಿಮಾಡಿ ಸಾಕಷ್ಟು ನಯಗೊಳಿಸುವುದು ಸುಲಭವಲ್ಲ.

ಎಲ್ಲಕ್ಕಿಂತ ಕೇಡಿನದು ಹೊಗೆಸೊಪ್ಪು. ಅದನ್ನು ಕಪ್ಪಾಗುವಂತೆ ಹುರಿದು ಪುಡಿಮಾಡಿದ ಮಿಶ್ರಿ ಮಹಾರಾಷ್ಟ್ರದಲ್ಲೂ ಅದಕ್ಕೆ ಹೊಂದಿದ ಕರ್ನಾಟಕದ ಗಡಿಭಾಗಗಳಲ್ಲೂ ಮುಖ್ಯವಾಗಿ ಹೆಂಗಸರಲ್ಲಿ ಹಲ್ಲು ತಿಕ್ಕುವ ಪುಡಿಯಾಗಿ ಬಳಕೆಗೆ ಬಂತು. ಹಲ್ಲುನೋವಿಗೆಂದು ಶುರುವಾಗಿ ನಿಕೋಟಿನ್ ಚಟವಾಗಿ, ಬೆಳಗಿನ ಒಂದು ಸಲ ದಿನಕ್ಕೆ ಹಲವು ಸಲವಾಗುತ್ತದೆ. ಬೀಡಿ, ಸಿಗರೇಟು ಮುಟ್ಟದ, ಮುಟ್ಟುವವರನ್ನು ಕಂಡರೆ ಸಿಡುಕುವ ಹೆಂಗಸರೂ ಇದನ್ನು ಹೊಗೆಸೊಪ್ಪಿನ ಸೇವನೆ ಎಂದು ತಿಳಿಯದಿರುವುದೇ ನೋವಿನ ಸಂಗತಿ. ಬಾಯಿ ಕ್ಯಾನ್ಸರಿಗೂ ಒಸಡಿನ ರೋಗಕ್ಕೂ ಇದು ನೇರ ದಾರಿ. ಪೇಸ್ಟು ಮತ್ತು ಹಲ್ಲುಪುಡಿಗಳಲ್ಲಿ ಹೊಗೆಸೊಪ್ಪು ಬಳಸುವುದನ್ನು ಭಾರತ ಸರ್ಕಾರ 1992ರಲ್ಲಿ ನಿಷೇಧಿಸಿತು. ಆದರೆ ಒಲೆಯ ಮೇಲೆ ಹುರಿದುಕೊಳ್ಳುವುದನ್ನು ಆ ಕಾನೂನು ಮುಟ್ಟಲಾರದು; ಅದನ್ನು ನಿಲ್ಲಿಸಬೇಕಾದವರು ಮನೆಯವರು ಮತ್ತು ಊರಿನ ಆಶಾ ಕಾರ್ಯಕರ್ತೆಯರು.

ಫ್ಲೋರೈಡಿನ ಪ್ರಶ್ನೆ

ಮನೆಯ ಪುಡಿಯಲ್ಲಿ ಇಲ್ಲದ, ಮನೆಯಲ್ಲಿ ಸೇರಿಸಲೂ ಬಾರದ ವಸ್ತು ಫ್ಲೋರೈಡ್. ಆಮ್ಲದಿಂದ ಖನಿಜ ಕಳೆದುಕೊಂಡ ಎನಾಮಲ್ಲಿಗೆ ಅದು ಮತ್ತೆ ಖನಿಜ ಕೂಡಲು ನೆರವಾಗುತ್ತದೆ, ಹಾಗೆ ಕೂಡಿದ ಪದರ ಆಮ್ಲವನ್ನು ಮೊದಲಿಗಿಂತ ಚೆನ್ನಾಗಿ ತಡೆಯುತ್ತದೆ. ಹುಳುಕನ್ನು ತಡೆಯುವ ಶಕ್ತಿ ದೃಢವಾಗಿ ಸಾಬೀತಾಗಿರುವುದು ಫ್ಲೋರೈಡ್ ಇರುವ ಪೇಸ್ಟಿಗೇ. ಮೂಲಿಕೆಯ ಪುಡಿಗಳಿಗೆ ಅಂಥ ಆಧಾರವಿಲ್ಲ. ಸಿಹಿತಿಂಡಿ, ಬಿಸ್ಕತ್ತುಗಳ ನಡುವೆ ಬೆಳೆಯುತ್ತಿರುವ ಮಕ್ಕಳಿಗೆ ಬರೀ ಮನೆಯ ಪುಡಿ ಕೊಡುವುದನ್ನು ಈ ಕಾರಣಕ್ಕೆ ಒಪ್ಪಲಾಗದು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು, ನುಂಗದಂತೆ ನೋಡಿಕೊಳ್ಳಬೇಕು.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು, ತುಮಕೂರಿನ ಪಾವಗಡ, ಗದಗದ ಮುಂಡರಗಿ, ರಾಯಚೂರು ಮೊದಲಾದ ಒಣಸೀಮೆಗಳಲ್ಲಿ ಕೊಳವೆಬಾವಿಯ ನೀರಿಗೆ ಅಡಿಯ ಬಂಡೆಗಳಿಂದಲೇ ಫ್ಲೋರೈಡ್ ಕರಗಿ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಒಪ್ಪತಕ್ಕದ್ದು, ಬೇರೆ ನೀರು ಇಲ್ಲದಿದ್ದರೆ 1.5 ತನಕ ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿರುವ ನೀರನ್ನು ಎಳವೆಯಲ್ಲಿ, ಎನಾಮಲ್ ರೂಪುಗೊಳ್ಳುವ ವರ್ಷಗಳಲ್ಲಿ ಕುಡಿದು ಬೆಳೆದವರ ಹಲ್ಲಿನಲ್ಲಿ ಸುಣ್ಣದಂಥ ಮಚ್ಚೆ, ಹಳದಿ ಅಥವಾ ಕಂದು ಪಟ್ಟೆಗಳು ಮೂಡುತ್ತವೆ. ಭಾರತದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ. ಕೇಂದ್ರ ಸರ್ಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 2008-09ರಲ್ಲಿ.

ಈ ಕಂದು ಬಣ್ಣ ಹಲ್ಲಿನ ಮೇಲೆ ಕೂತ ಕೊಳೆಯಲ್ಲ, ಎನಾಮಲ್ಲಿನ ಒಳಗೇ ಇರುವಂಥದು. ಹರೆಯದ ಹುಡುಗ ಹುಡುಗಿಯರು ಹಲ್ಲು ತೋರಿಸಲು ನಾಚಿ, ಇಟ್ಟಿಗೆ ಪುಡಿ, ಬೂದಿ, ನಿಂಬೆ, ಉಪ್ಪುಗಳಿಂದ ವರ್ಷಗಟ್ಟಲೆ ತಿಕ್ಕಿದರೂ ಅದು ಹೋಗುವುದಿಲ್ಲ. ಫ್ಲೋರೋಸಿಸ್‌ನಿಂದ ಮೊದಲೇ ದುರ್ಬಲವಾದ ಎನಾಮಲ್ ಸವೆದು ಹಲ್ಲು ಜುಮ್ಮೆನ್ನುವುದಷ್ಟೇ ಸಿಗುವ ಫಲ. ಸರಿಯಾಗಿ ಹಲ್ಲುಜ್ಜುವುದಿಲ್ಲ ಎಂದು ಈ ಮಕ್ಕಳನ್ನು ಶಾಲೆಯಲ್ಲಿ, ಮದುವೆ ಮಾತುಕತೆಯಲ್ಲಿ ಹೀಯಾಳಿಸುವುದು ಅನ್ಯಾಯ. ದೋಷ ನೀರಿನದು, ಅದನ್ನು ಸರಿಪಡಿಸಬೇಕಾದ ಹೊಣೆ ವ್ಯವಸ್ಥೆಯದು. ಶೋಧಿಸಿದ ನೀರು, ಮಳೆನೀರಿನ ಸಂಗ್ರಹ ಮುಂದಿನ ಮಕ್ಕಳ ಹಲ್ಲನ್ನು ಉಳಿಸುತ್ತವೆ. ಈಗಾಗಲೇ ಮೂಡಿದ ಕಲೆಗೆ ದಂತವೈದ್ಯರಲ್ಲಿ ಚಿಕಿತ್ಸೆಯಿದೆ. ಈ ಸೀಮೆಯ ಚಿಕ್ಕಮಕ್ಕಳಿಗೆ ಯಾವ ಪೇಸ್ಟ್, ಎಷ್ಟು ಎಂಬುದನ್ನು ನೀರಿನ ಪರೀಕ್ಷೆಯ ಫಲಿತಾಂಶ ಹಿಡಿದು ದಂತವೈದ್ಯರನ್ನೇ ಕೇಳಬೇಕು.

ಶೇಖರಣೆ ಮತ್ತು ಮಾರಾಟ

ಪುಡಿಯನ್ನು ಗಾಜಿನ ಒಣ ಶೀಶೆಯಲ್ಲಿ, ತಿಂಗಳೆರಡು ತಿಂಗಳಿಗೆ ಆಗುವಷ್ಟೇ ಮಾಡಿಡಬೇಕು. ಮನೆಮಂದಿಯೆಲ್ಲ ಒದ್ದೆ ಬ್ರಷ್ಷನ್ನು ಒಂದೇ ಶೀಶೆಗೆ ಅದ್ದಿದರೆ ತೇವದ ಜೊತೆ ಒಬ್ಬರ ಬಾಯಿಯ ಸೋಂಕು ಇನ್ನೊಬ್ಬರಿಗೆ ಹೋಗುತ್ತದೆ. ಚಮಚದಿಂದ ಅಂಗೈಗೆ ಹಾಕಿಕೊಳ್ಳಬೇಕು. ಅರಿಶಿನ ಹಾಕುವುದಾದರೆ ಕೊಂಬನ್ನೇ ತಂದು ಪುಡಿಮಾಡುವುದು ಮೇಲು, ಬಿಡಿಯಾಗಿ ಮಾರುವ ಪುಡಿಯಲ್ಲಿ ಸೀಸದ ಬಣ್ಣ ಬೆರೆಸುವ ಕಲಬೆರಕೆ ಉಂಟು. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯಲ್ಲೂ ಸೀಸವಿರುವ ಸಾಧ್ಯತೆ ಇರುವುದರಿಂದ ಬಾಯಿಗೆ ಬೇಡ. ಸೋಡಾ, ಉಪ್ಪು ಇರುವ ಪುಡಿಯನ್ನು ರಕ್ತದೊತ್ತಡದವರು ನುಂಗದೆ ಉಗುಳಬೇಕು.

ಮನೆ ಬಳಕೆಗೆ ಮಾಡಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ. ಮಾರಾಟಕ್ಕೆಂದು ತಯಾರಿಸಿದರೆ ಅದು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಪರವಾನಗಿ ಪಡೆಯಬೇಕಾಗುತ್ತದೆ. ಹಲ್ಲುಪುಡಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 5383 ಎಂಬ ಮಾನಕವನ್ನು ನಿಗದಿಪಡಿಸಿದೆ. ಸ್ವಸಹಾಯ ಸಂಘಗಳು ಹಲ್ಲುಪುಡಿಯನ್ನು ಉದ್ಯಮವಾಗಿ ಎತ್ತಿಕೊಳ್ಳುವುದಾದರೆ ಪೊಟ್ಟಣದ ವಿನ್ಯಾಸಕ್ಕೆ ಮೊದಲು ಈ ಮಾನಕವನ್ನು ತರಿಸಿ ಓದಿ, ತಮ್ಮ ಪುಡಿಯ ನಯವನ್ನೂ ಸೀಸದ ಅಂಶವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು.